ಏಳು ಅಂಕ ಇಲ್ಲದ ಪಟ್ಟಿ

(ಬೆಂಗಳೂರಿನ ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಪ್ರತಿ ತಿಂಗಳೂ ಹೆವಿ ಮೆಟಲ್ (ಭಾರದ ಗಿಟಾರ್ ನಾದದ ರಾಕ್ ಸಂಗೀತ) ಮತ್ತು ಪವರ್ ಮೆಟಲ್ (ಅದರದೇ ವೇಗದ, ವೀರಕಥೆಗಳ ಕವಲು) ಹಾಡುಗಳ ಒಂದು ಪ್ಲೇಲಿಸ್ಟ್ ಕಟ್ಟುತ್ತೇವೆ, ಕೇಳುತ್ತೇವೆ, ಒಂದೊಂದು ಹಾಡಿಗೂ ಅಂಕ ಕೊಡುತ್ತೇವೆ, ಆಮೇಲೆ ಜಗಳವಾಡುತ್ತೇವೆ. ಅದರ ಬಗ್ಗೆ ಮಾತನಾಡಿ ಎಂದು ಇಲ್ಲಿಗೆ ಕರೆದಿದ್ದಾರೆ. ಅಂಕದ ಬಗ್ಗೆ ಎಂದಿದ್ದರೆ ಹಿಂಜರಿಯುತ್ತಿದ್ದೆನೇನೋ, ಜಗಳದ ಬಗ್ಗೆ ಎಂದದ್ದರಿಂದ ಒಪ್ಪಿಕೊಂಡೆ.

ಕ್ರಮ ಹೀಗಿದೆ. ತಿಂಗಳ ಮೊದಲ ವಾರ ಪ್ರತಿಯೊಬ್ಬರೂ ಎರಡು ಹಾಡು ಕಳಿಸಬೇಕು: ಒಂದು ಹೆವಿ, ಒಂದು ಪವರ್. ಹಳೆಯದೂ ಆಗಬಹುದು, ಮೊನ್ನೆ ಬಿಡುಗಡೆಯಾದದ್ದೂ ಆಗಬಹುದು. ಯಾವ ಹಾಡನ್ನು ಯಾರು ಕಳಿಸಿದರು ಎಂಬುದು ಆ ತಿಂಗಳು ಪಟ್ಟಿ ಜೋಡಿಸುವವರಿಗೆ ಮಾತ್ರ ಗೊತ್ತು. ಉಳಿದವರು ಎರಡು ವಾರ ಕೇಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಬರೆದು, ಅದರ ಪಕ್ಕದಲ್ಲಿ ಕಡ್ಡಾಯವಾಗಿ ಒಂದು ವಾಕ್ಯ ಬರೆದು ಅವರಿಗೆ ಒಪ್ಪಿಸುತ್ತಾರೆ. ಎಲ್ಲರ ಅಂಕ ಕೈಸೇರುವ ತನಕ ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ಕೊನೆಯ ಭಾನುವಾರ ಎಲ್ಲವನ್ನೂ ತೆರೆದು ಓದುತ್ತೇವೆ. ತಾನು ಕಳಿಸಿದ ಹಾಡಿಗೆ ತಾನೇ ಅಂಕ ಕೊಡಬಾರದು ಎಂದು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆವು; ಆ ನಿಯಮವನ್ನೂ ಬರೆದಿಡಬೇಕಾಯಿತು.

ಇದರಲ್ಲಿ ಹೊಸತೇನೂ ಇಲ್ಲ. 1970ರ ದಶಕದ ಕೊನೆಯಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಕಿಂಗ್ಸ್‌ಬರಿಯಲ್ಲಿ ನೀಲ್ ಕೇ ಎಂಬಾತ ಪಬ್ಬೊಂದಕ್ಕೆ ಸೇರಿದ ಹಾಲ್‌ನಲ್ಲಿ ಹೆವಿ ಮೆಟಲ್ ರೆಕಾರ್ಡ್‌ಗಳನ್ನು ನುಡಿಸುತ್ತಿದ್ದ. ಸೌಂಡ್‌ಹೌಸ್ ಎಂದು ಅದಕ್ಕೆ ಹೆಸರು. ಬಂದವರು ಯಾವ ಹಾಡು ಹಾಕಿ ಎಂದು ಕೇಳುತ್ತಿದ್ದರೋ ಅದನ್ನು ಲೆಕ್ಕ ಹಿಡಿದು ಒಂದು ಪಟ್ಟಿ ಮಾಡುತ್ತಿದ್ದ. ಆ ಪಟ್ಟಿ ‘ಸೌಂಡ್ಸ್’ ಎಂಬ ಸಂಗೀತ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅಂಗಡಿಯ ಮಾರಾಟದ ಲೆಕ್ಕವಲ್ಲ ಅದು, ಕೇಳುಗರ ಬೇಡಿಕೆಯ ಲೆಕ್ಕ. ಆಗಿನ್ನೂ ಯಾವ ರೆಕಾರ್ಡ್ ಕಂಪನಿಯೂ ಕೈಹಿಡಿಯದಿದ್ದ ಪೂರ್ವ ಲಂಡನ್ನಿನ ಒಂದು ಬ್ಯಾಂಡ್ ತನ್ನ ಡೆಮೊ (ಮಾದರಿ ಧ್ವನಿಮುದ್ರಣ) ಕ್ಯಾಸೆಟನ್ನು ಅವನಿಗೆ ತಲುಪಿಸಿತು. ಅದರಲ್ಲಿದ್ದ ‘ಪ್ರೌಲರ್’ ಎಂಬ ಹಾಡು ಪಟ್ಟಿಯ ತುದಿಗೇರಿತು. ಆ ಡೆಮೊದ ಹಾಡುಗಳೇ 1979ರ ನವೆಂಬರಿನಲ್ಲಿ ‘ದಿ ಸೌಂಡ್‌ಹೌಸ್ ಟೇಪ್ಸ್’ ಎಂಬ ಪುಟ್ಟ ರೆಕಾರ್ಡ್ ಆಗಿ ಬಂದವು. ಮಾಡಿಸಿದ್ದು 5000 ಪ್ರತಿ, ಮಾರಿದ್ದು ಅಂಚೆಯ ಮೂಲಕ. ಬ್ಯಾಂಡಿನ ಹೆಸರು ಐರನ್ ಮೇಡನ್. 2007ರ ಮಾರ್ಚ್ 17ರಂದು ಇದೇ ಊರಿನ ಅರಮನೆ ಮೈದಾನದಲ್ಲಿ ಅವರ ಕಛೇರಿ ನಡೆಯಿತು. ಅಂದು ಅಲ್ಲಿದ್ದವರು ಈ ಸಭೆಯಲ್ಲೂ ಕೆಲವರಿದ್ದೀರಿ. ಕೈ ಎತ್ತಬೇಕಾಗಿಲ್ಲ, ಅಂಗಿಯ ಮೇಲೆಯೇ ಬರೆದಿದೆ.

ಹಾಗೆಯೇ ಕ್ಯಾಸೆಟ್ ವಿನಿಮಯ. ಅಮೆರಿಕದ ಮೆಟಾಲಿಕಾ ಬ್ಯಾಂಡಿನ 1982ರ ಡೆಮೊ, ಅವರ ಮೊದಲ ಆಲ್ಬಮ್‌ಗಿಂತ ಒಂದು ವರ್ಷ ಮೊದಲೇ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ, ಅಂಚೆ ಲಕೋಟೆಗಳಲ್ಲಿ ಊರೂರು ಸುತ್ತಿತ್ತು. ಈ ಸಂಗೀತ ರೇಡಿಯೊದ ಕೃಪೆಯಿಂದ ಬೆಳೆದದ್ದಲ್ಲ; ಒಬ್ಬ ಕೇಳುಗ ಇನ್ನೊಬ್ಬನ ಕೈಗೆ ಕೊಟ್ಟು ಬೆಳೆದದ್ದು. ಇಂದು ಆ್ಯಪ್ ತೆರೆದರೆ ಯಂತ್ರವೇ ಹಾಡು ಆರಿಸಿಕೊಡುತ್ತದೆ. ಆರಿಸುವುದೂ ಕೆಟ್ಟದಾಗಿಯೇನಲ್ಲ. ಆದರೆ ನಾನು ನಿನ್ನೆ ಇಷ್ಟಪಟ್ಟದ್ದರ ತಮ್ಮನನ್ನೇ ಅದು ಇಂದು ಕರೆತರುತ್ತದೆ. ನನಗೆ ಇಷ್ಟವಾಗದು ಎಂದು ಗೊತ್ತಿದ್ದೂ ಒಂದು ಹಾಡನ್ನು ಕೇಳಿಸುವ ಹಟ ಮನುಷ್ಯರಿಗೆ ಮಾತ್ರ ಇರುವುದು.

ಹೆವಿ ಮತ್ತು ಪವರ್ ಎರಡನ್ನೂ ಒಂದೇ ಪಟ್ಟಿಯಲ್ಲಿ ಏಕೆ ಹಾಕುತ್ತೀರಿ ಎಂದು ಕೇಳುವವರಿದ್ದಾರೆ. ಎರಡೂ ಒಂದೇ ಮನೆತನದವು, ಸ್ವಭಾವ ಮಾತ್ರ ಬೇರೆ. ಮನೆತನದ ಮೂಲ ಬರ್ಮಿಂಗ್‌ಹ್ಯಾಮ್. ಬ್ಲ್ಯಾಕ್ ಸಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಹದಿನೇಳನೆಯ ವಯಸ್ಸಿನಲ್ಲಿ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ 1971ರ ಆಲ್ಬಮ್ಮಿನ ಹೊತ್ತಿಗೆ ತಂತಿಗಳ ಶ್ರುತಿಯನ್ನೇ ಇಳಿಸಿ ಬಿಗಿ ಸಡಿಲಿಸಿದ. ಬ್ಲ್ಯಾಕ್ ಸಬತ್‌ನ ಆ ಭಾರದ ನಾದದಲ್ಲಿ ಈ ಗಾಯಕ್ಕೂ ಪಾಲಿದೆ. 1970ರ ಫೆಬ್ರವರಿಯಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದೇ ಊರಿನ ಜೂಡಾಸ್ ಪ್ರೀಸ್ಟ್ ಎರಡು ಗಿಟಾರ್‌ಗಳನ್ನು ಜೊತೆಗೂಡಿಸಿ, ಬ್ಲೂಸ್‌ನ ಅಂಶವನ್ನು ತೆಗೆಯುತ್ತ ತೆಗೆಯುತ್ತ, ಹೆವಿ ಮೆಟಲ್‌ಗೆ ಅದರದೇ ಆದ ನಿಲುವು ಕೊಟ್ಟಿತು.

ಪವರ್ ಮೆಟಲ್‌ನ ತವರು ಹ್ಯಾಂಬರ್ಗ್. ಅದಕ್ಕೆ ಬೀಜ ಮೊದಲೇ ಬಿದ್ದಿತ್ತು: ರಿಚಿ ಬ್ಲ್ಯಾಕ್‌ಮೋರ್ ಮತ್ತು ರಾನಿ ಜೇಮ್ಸ್ ಡಿಯೊ ಇದ್ದ ರೇನ್‌ಬೋ 1976ರಲ್ಲೇ ‘ಸ್ಟಾರ್‌ಗೇಜರ್’ ಹಾಡಿಗೆ ಮ್ಯೂನಿಕ್‌ನ ಆರ್ಕೆಸ್ಟ್ರಾವನ್ನು ಕೂಡಿಸಿತ್ತು, ಮಾಂತ್ರಿಕನ ಕಥೆ ಹೇಳಿತ್ತು. ಹೆಲೋವೀನ್ ಎಂಬ ಬ್ಯಾಂಡ್ ಇದಕ್ಕೆ ವೇಗ ಸೇರಿಸಿತು. 1985ರ ಮೊದಲ ಪೂರ್ಣ ಆಲ್ಬಮ್ಮಿನಲ್ಲಿ ಕೈ ಹ್ಯಾನ್ಸನ್ ಗಿಟಾರ್ ನುಡಿಸುತ್ತಲೇ ಹಾಡಿದ್ದ. ಆಮೇಲೆ ಮೈಕೆಲ್ ಕಿಸ್ಕೆ ಎಂಬ ಹದಿನೆಂಟರ ಹುಡುಗ ಬಂದ. ತಾರಸ್ಥಾಯಿಯಲ್ಲಿ ಒಂದಿಷ್ಟೂ ಕರ್ಕಶವಾಗದ ಕಂಠ. 1987 ಮತ್ತು 1988ರಲ್ಲಿ ಎರಡು ಭಾಗಗಳಲ್ಲಿ ಬಂದ ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಆಲ್ಬಮ್‌ಗಳ ನಂತರ ಯಾರು ಪವರ್ ಮೆಟಲ್ ಮಾಡಹೊರಟರೂ ಆ ಅಂಗಳ ದಾಟಿಯೇ ಹೋಗಬೇಕು. ಫಿನ್‌ಲ್ಯಾಂಡಿನ ಸ್ಟ್ರಾಟೋವೇರಿಯಸ್, ಸ್ವೀಡನ್ನಿನ ಹ್ಯಾಮರ್‌ಫಾಲ್, ಇಟಲಿಯ ರ‍್ಯಾಪ್ಸಡಿ, ಬ್ರೆಜಿಲ್‌ನ ಆಂಗ್ರಾ ಎಲ್ಲರೂ ದಾಟಿದ್ದಾರೆ. ಜರ್ಮನಿಯದೇ ಆದ ಬ್ಲೈಂಡ್ ಗಾರ್ಡಿಯನ್ ಮಾತ್ರ ಬೇರೆ ದಾರಿ ಮಾಡಿಕೊಂಡಿತು. ಅವರ ‘ಬಾರ್ಡ್ಸ್ ಸಾಂಗ್’ ಅನ್ನು ವೇದಿಕೆಯ ಮೇಲಿನ ಗಾಯಕನಿಗಿಂತ ಕೆಳಗೆ ನಿಂತ ಜನರೇ ಹೆಚ್ಚು ಹಾಡುತ್ತಾರೆ.

ನಮ್ಮ ಜಗಳಗಳಲ್ಲಿ ಅರ್ಧ ಇಲ್ಲಿಂದಲೇ ಏಳುತ್ತವೆ. ಹೆವಿ ಮೆಟಲ್ ಪ್ರಿಯರು ಪವರ್ ಮೆಟಲ್ ಹಾಡಿನ ಪಕ್ಕದಲ್ಲಿ ಬರೆಯುವ ವಾಕ್ಯ ಸಾಮಾನ್ಯವಾಗಿ ಒಂದೇ: ‘ಅತಿಯಾಯಿತು’. ಕೀಬೋರ್ಡ್ ಅತಿ, ವೃಂದಗಾನ ಅತಿ, ಖಡ್ಗ ಅತಿ, ಡ್ರ್ಯಾಗನ್ ಅತಿ. ನಾನು ಅವರಿಗೆ ಹೇಳುವುದು ಇಷ್ಟು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ ಅಬ್ಬರ ಹೆಚ್ಚಾಯಿತು ಎಂದು ಯಾರೂ ದೂರುವುದಿಲ್ಲ. ಆ ಅಬ್ಬರಕ್ಕೆ ತಕ್ಕ ಹೆಜ್ಜೆ ಬಿತ್ತೇ, ಚೆಂಡೆಯ ಜೊತೆ ಕೂಡಿತೇ ಎಂದು ನೋಡುತ್ತಾರೆ. ಅತಿ ಎಂಬುದು ಅಲ್ಲಿ ದೋಷವಲ್ಲ, ಕರಾರು. ರ‍್ಯಾಪ್ಸಡಿ 2004ರ ಆಲ್ಬಮ್ಮಿನಲ್ಲಿ ಕಥೆಯ ನಿರೂಪಣೆಗೆ ನಟ ಕ್ರಿಸ್ಟೋಫರ್ ಲೀಯನ್ನು ಕರೆತಂದಿತು. ಎಂಬತ್ತು ದಾಟಿದ್ದ ಆ ಮನುಷ್ಯ ಅಲ್ಲಿಗೆ ನಿಲ್ಲಿಸದೆ ಮುಂದೆ ತಾನೇ ಶಾರ್ಲಮೇನ್ ದೊರೆಯ ಮೇಲೆ ಮೆಟಲ್ ಆಲ್ಬಮ್ ಮಾಡಿದ. ಇಂಥವರ ಮುಂದೆ ಮಿತವ್ಯಯದ ಪಾಠ ಹೇಳಿ ಪ್ರಯೋಜನವಿಲ್ಲ.

ಹಾಗಾದರೆ ಪವರ್ ಮೆಟಲ್ ಎಲ್ಲಿ ಸೋಲುತ್ತದೆ? ಪಲ್ಲವಿಯಲ್ಲಿ. ಮೊದಲ ಸಲ ಕೇಳಿದಾಗ ರೋಮಾಂಚನ, ಎರಡನೆಯ ಸಲಕ್ಕೆ ಅದೇ, ಮೂರನೆಯ ಸಲಕ್ಕೆ ಶ್ರುತಿಯನ್ನು ಒಂದು ಮೆಟ್ಟಿಲು ಏರಿಸಿ ಮತ್ತೆ ಅದೇ. ಈ ಶ್ರುತಿ ಏರಿಸುವ ತಂತ್ರ ನಮ್ಮ ಕಿವಿಗೆ ಬೇಗ ಗೊತ್ತಾಗುತ್ತದೆ, ಏಕೆಂದರೆ ತಂಬೂರಿಯ ಷಡ್ಜ ಕಛೇರಿ ಮುಗಿಯುವ ತನಕ ಅಲುಗದು ಎಂಬ ನಂಬಿಕೆಯಲ್ಲಿ ಬೆಳೆದ ಕಿವಿ ನಮ್ಮದು. ಏರಿಸಿದ್ದಕ್ಕೆ ಹಾಡಿನೊಳಗೆ ಕಾರಣವಿತ್ತೇ, ಅಥವಾ ಬೇರೇನೂ ತೋಚದೆ ಏರಿಸಿದರೇ ಎಂದು ನಾನು ಕೇಳಿಕೊಳ್ಳುತ್ತೇನೆ. ಇನ್ನೊಂದು, ಡ್ರಮ್. ಎರಡು ಕಾಲಿನಿಂದಲೂ ಬಾಸ್ ಡ್ರಮ್ ತುಳಿಯುತ್ತ ಓಡುವುದು ಈ ಪ್ರಕಾರದ ಬೆನ್ನೆಲುಬು. ಆದರೆ ಹೆಲೋವೀನ್‌ನ ‘ಈಗಲ್ ಫ್ಲೈ ಫ್ರೀ’ಯಲ್ಲಿ ಇಂಗೋ ಶ್ವಿಖ್ಟೆನ್‌ಬರ್ಗ್ ನುಡಿಸಿದ್ದನ್ನು ಕೇಳಿ: ಓಟದ ನಡುವೆ ಉಸಿರಾಟವಿದೆ, ತಿರುವುಗಳಲ್ಲಿ ಕೈ ಏನೋ ಹೊಸತು ಹೇಳುತ್ತದೆ. ಇಂದಿನ ಎಷ್ಟೋ ಧ್ವನಿಮುದ್ರಣಗಳಲ್ಲಿ ಪ್ರತಿ ತುಳಿತವೂ ಒಂದೇ ತೂಕ, ಒಂದೇ ಸ್ವರ, ಕಂಪ್ಯೂಟರಿನಲ್ಲಿ ಸರಿಪಡಿಸಿದ ಒಂದೇ ಅಂತರ. ಅಲ್ಲಿ ನನ್ನ ಅಂಕ ಇಳಿಯುತ್ತದೆ.

ಹೆವಿ ಮೆಟಲ್‌ಗೆ ಪರೀಕ್ಷೆ ಬೇರೆ. ಅಲ್ಲಿ ಎಲ್ಲವೂ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಗಿಟಾರ್ ತುಣುಕು. ಡ್ರಮ್ಮನ್ನೂ ದನಿಯನ್ನೂ ತೆಗೆದು ರಿಫ್ ಒಂದನ್ನೇ ಗುನುಗಿದರೆ ನಿಲ್ಲುತ್ತದೆಯೇ? ನಿಂತರೆ ಆರಕ್ಕಿಂತ ಮೇಲೆ. ಇನ್ನುಳಿದದ್ದು ಆಮೇಲೆ.

ಈಗ ಅಂಕದ ವಿಚಾರ. ಹತ್ತರ ಅಳತೆ ಎಂದರೂ ಜನ ನಿಜವಾಗಿ ಬಳಸುವುದು ಅದರ ಒಂದು ತುಂಡನ್ನು ಮಾತ್ರ. ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸಾಗಿ ಬೆಳೆದ ನಮಗೆ ನಾಲ್ಕು ಅಂಕ ಕೊಡುವುದೆಂದರೆ ಮುಖಕ್ಕೆ ಹೊಡೆದಂತೆ ಅನಿಸುತ್ತದೆ. ಹತ್ತು ಕೊಡಲು ಭಯ. ಆದ್ದರಿಂದ ಎಲ್ಲರೂ ಏಳರ ಆಸರೆ ಹಿಡಿಯುತ್ತಾರೆ. ಏಳು ಎಂದರೆ ಏನು? ಚೆನ್ನಾಗಿದೆ, ಆದರೆ ಮತ್ತೆ ಕೇಳುವುದಿಲ್ಲ. ಬೇಸರವಾಯಿತು, ಆದರೆ ಕಳಿಸಿದವರು ನನ್ನ ಗೆಳೆಯರಿರಬಹುದು. ಅರ್ಧ ಕೇಳಿದೆ, ಬಸ್ಸು ಬಂತು. ಇಷ್ಟೆಲ್ಲ ಅರ್ಥ ಒಂದೇ ಅಂಕಕ್ಕೆ ಬಂದಾಗ ಪಟ್ಟಿ ಪೂರ್ತಿ ಏಳರ ಸುತ್ತಲೇ ಗಿರಕಿ ಹೊಡೆಯತೊಡಗಿತು. ಆದ್ದರಿಂದ ನಾವು ಏಳನ್ನೇ ತೆಗೆದುಹಾಕಿದೆವು. ನಮ್ಮ ಅಳತೆಯಲ್ಲಿ ಆರರ ಮುಂದಿನ ಅಂಕ ಎಂಟು. ಮತ್ತೆ ಕೇಳುತ್ತೀರಾದರೆ ಎಂಟು, ಇಲ್ಲವಾದರೆ ಆರು. ನಿರ್ಧಾರ ಮಾಡಲೇಬೇಕು. ಇಷ್ಟು ಸಣ್ಣ ಬದಲಾವಣೆಗೆ ಎದ್ದ ಪ್ರತಿಭಟನೆ ನೋಡಿದರೆ ಸಂವಿಧಾನವನ್ನೇ ತಿದ್ದಿದೆವೇನೋ ಅನ್ನಬೇಕು.

ಅಂಕಗಳನ್ನು ಕೂಡಿ ಭಾಗಿಸಿ ಸರಾಸರಿ ತೆಗೆಯುವುದನ್ನೂ ಕ್ರಮೇಣ ಬಿಟ್ಟೆವು. ಸರಾಸರಿಯಲ್ಲಿ ಗೆಲ್ಲುವ ಹಾಡು ಯಾವುದು? ಯಾರಿಗೂ ಸಿಟ್ಟು ಬರಿಸದ ಹಾಡು. ರ‍್ಯಾಪ್ಸಡಿಯ ‘ಎಮರಾಲ್ಡ್ ಸ್ವೋರ್ಡ್’ ಪಟ್ಟಿಗೆ ಬಂದ ತಿಂಗಳು ಒಬ್ಬರು ಹತ್ತು ಕೊಟ್ಟು ‘ಕುದುರೆ ಕೊಡಿ, ಈಗಲೇ ಹೊರಡುತ್ತೇನೆ’ ಎಂದು ಬರೆದರು; ಇನ್ನೊಬ್ಬರು ಮೂರು ಕೊಟ್ಟು ‘ಮಕ್ಕಳ ಹುಟ್ಟುಹಬ್ಬದ ಹಾಡು, ಗಿಟಾರ್ ಸಮೇತ’ ಎಂದರು. ಸರಾಸರಿ ತೆಗೆದರೆ ಈ ಹಾಡು, ಎಲ್ಲರೂ ಕೊಟ್ಟು ಮರೆತ ಆರರ ಹಾಡಿನ ಪಕ್ಕದಲ್ಲಿ ಹೋಗಿ ಕೂರುತ್ತದೆ. ಎರಡೂ ಒಂದೇ ಎನ್ನುವ ಲೆಕ್ಕ ನಮಗೆ ಬೇಡವಾಯಿತು. ಈಗ ಅತಿ ಹೆಚ್ಚಿನ ಅಂಕಕ್ಕೂ ಅತಿ ಕಡಿಮೆಯ ಅಂಕಕ್ಕೂ ನಡುವಿನ ಅಂತರವನ್ನು ಮೊದಲು ನೋಡುತ್ತೇವೆ. ಅಂತರ ದೊಡ್ಡದಿರುವ ಹಾಡನ್ನೇ ಭಾನುವಾರ ಮೊದಲು ಹಾಕಿ ಕೇಳುವುದು. ಹತ್ತು ಕೊಟ್ಟವರೂ ಮೂರು ಕೊಟ್ಟವರೂ ಎದುರುಬದುರು ಕೂತು, ಹಾಡನ್ನು ನಿಲ್ಲಿಸಿ ನಿಲ್ಲಿಸಿ, ಇಲ್ಲಿ ನೋಡಿ, ಇಲ್ಲಿ ಕೇಳಿ ಎನ್ನುತ್ತಾರೆ. ಅಂಕ ಬದಲಾಗುವುದು ಅಪರೂಪ. ಆದರೆ ಮೂರು ಕೊಟ್ಟವರು ಕೇಳದೆ ಬಿಟ್ಟಿದ್ದ ಒಂದು ಗಿಟಾರ್ ಎಳೆ ಅವರ ಕಿವಿಗೆ ಬಿದ್ದಿರುತ್ತದೆ, ಹತ್ತು ಕೊಟ್ಟವರಿಗೆ ಸಾಹಿತ್ಯದ ಪೊಳ್ಳುತನ ಕಂಡಿರುತ್ತದೆ. ನಾವು ಅಂಕ ಕೊಡುವುದೇ ಇದಕ್ಕಾಗಿ. ಪಟ್ಟಿಯಲ್ಲಿ ಮೊದಲು ಬಂದವರು ಯಾರು ಎಂಬುದು ಮುಂದಿನ ತಿಂಗಳ ಹೊತ್ತಿಗೆ ನಮಗೇ ನೆನಪಿರುವುದಿಲ್ಲ.

ಒಬ್ಬರ ಅಂಕವನ್ನು ಇನ್ನೊಬ್ಬರು ಮುಂಚೆ ನೋಡಬಾರದು ಎಂಬ ನಿಯಮ ಕೆಲವರಿಗೆ ಅತಿ ಎನಿಸುತ್ತದೆ. ಇದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹೆಸರೇ ಕೇಳಿರದ ಬ್ಯಾಂಡ್‌ಗಳ 48 ಹಾಡುಗಳನ್ನು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ವಿಂಗಡಿಸಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದನ್ನೂ ತೋರಿಸಿದರು. ಲೆಕ್ಕ ಕಂಡವರ ಲೋಕಗಳಲ್ಲಿ ಗೆದ್ದ ಹಾಡು ಇನ್ನೂ ಮೇಲೇರಿತು, ಸೋತದ್ದು ಇನ್ನೂ ಕುಸಿಯಿತು. ಅದಕ್ಕಿಂತ ಮುಖ್ಯವಾಗಿ, ಒಂದು ಲೋಕದಲ್ಲಿ ಗೆದ್ದದ್ದೇ ಇನ್ನೊಂದರಲ್ಲೂ ಗೆಲ್ಲಲಿಲ್ಲ. ತೀರಾ ಒಳ್ಳೆಯದು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನ ಹಾಡುಗಳ ಗತಿ ಮಾತ್ರ ಹೇಳುವಂತಿಲ್ಲ. ಹದಿನಾಲ್ಕು ಸಾವಿರ ಜನರ ಕಥೆ ಹೀಗಾದರೆ, ಒಬ್ಬರಿಗೊಬ್ಬರು ದಾಕ್ಷಿಣ್ಯವಿರುವ ಹತ್ತಾರು ಗೆಳೆಯರ ಪಾಡೇನು? ನಮ್ಮಲ್ಲಿ ಒಬ್ಬರಿದ್ದಾರೆ, ಮೆಟಲ್‌ನ ನಡೆದಾಡುವ ಗ್ರಂಥಾಲಯ. ಅವರ ಅಂಕ ಮೊದಲೇ ಕಂಡರೆ ಉಳಿದವರೆಲ್ಲ ಅದರ ಹಿಂದೆ ಸಾಲುಗಟ್ಟುತ್ತಾರೆ. ಅವರಿಗೂ ಅದು ಇಷ್ಟವಿಲ್ಲ.

ಹಾಡುಗಳ ಸರದಿಯೂ ಮೋಸ ಮಾಡುತ್ತದೆ. ವೇಗದ ಮೂರು ಹಾಡುಗಳ ಬೆನ್ನಿಗೆ ಬಂದ ನಿಧಾನದ ಹಾಡು ಇದ್ದುದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಆದ್ದರಿಂದ ಎರಡನೆಯ ಸಲ ಕೇಳುವಾಗ ಸರದಿ ಕಲಸಿ ಕೇಳಬೇಕು. ಧ್ವನಿಮಟ್ಟದ ಮೋಸ ಇದಕ್ಕಿಂತ ಸೂಕ್ಷ್ಮ. ಹೆಚ್ಚು ಗಟ್ಟಿಯಾಗಿ ಕೇಳಿಸಿದ್ದನ್ನು ಕಿವಿ ಹೆಚ್ಚು ಒಳ್ಳೆಯದೆಂದು ತಿಳಿಯುತ್ತದೆ. ಸಿಡಿ ಕಾಲದಲ್ಲಿ ಕಂಪನಿಗಳು ಧ್ವನಿಯನ್ನು ಒತ್ತಿ ಒತ್ತಿ ಮೇಲೆತ್ತುವ ಪೈಪೋಟಿಗೆ ಬಿದ್ದವು. ಮೆಟಾಲಿಕಾದ 2008ರ ಆಲ್ಬಮ್ ಈ ಕಾರಣಕ್ಕೇ ಅಭಿಮಾನಿಗಳಿಂದಲೇ ಬೈಸಿಕೊಂಡಿತು. 1980ರ ಮುದ್ರಣವೊಂದನ್ನು ಇಂದಿನ ಮುದ್ರಣದ ಪಕ್ಕ ಹಾಗೆಯೇ ಇಟ್ಟರೆ ಹಳೆಯದು ಬಡಕಲಾಗಿ ಕೇಳುತ್ತದೆ. ನಿಮ್ಮ ಆ್ಯಪ್‌ನಲ್ಲಿ ಧ್ವನಿಮಟ್ಟ ಸರಿದೂಗಿಸುವ ಆಯ್ಕೆ ಇದ್ದರೆ ಅದನ್ನು ಚಾಲೂ ಇಟ್ಟೇ ಅಂಕ ಕೊಡಿ. ಆಗ ತಮಾಷೆ ನೋಡಬೇಕು, ಎಷ್ಟೋ ಹೊಸ ಹಾಡುಗಳ ಶೌರ್ಯ ಅರ್ಧಕ್ಕೆ ಇಳಿಯುತ್ತದೆ.

ಉದ್ದದ ಹಾಡಿಗೆ ಒಂದೇ ನಿಯಮ: ಹತ್ತು ನಿಮಿಷ ಮೀರಿದ್ದು ತಿಂಗಳಿಗೆ ಒಂದು ಮಾತ್ರ. ಇಲ್ಲವಾದರೆ ಒಬ್ಬರು ಹೆಲೋವೀನ್‌ನ ಹದಿಮೂರು ನಿಮಿಷದ್ದನ್ನು ಕಳಿಸಿದರೆ ಇನ್ನೊಬ್ಬರು ಐರನ್ ಮೇಡನ್‌ನ ಹದಿಮೂರು ನಿಮಿಷದ್ದನ್ನು ಕಳಿಸಿ ಸೇಡು ತೀರಿಸಿಕೊಳ್ಳುತ್ತಾರೆ.

ನಮ್ಮೂರಿನ ಬ್ಯಾಂಡ್ ಪಟ್ಟಿಗೆ ಬಂದಾಗ ಏನು ಮಾಡುತ್ತೀರಿ? ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಕ್ರಿಪ್ಟೋಸ್ ಬೆಂಗಳೂರಿನದು, 1998ರಲ್ಲಿ ಹುಟ್ಟಿದ್ದು. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಆಮೇಲೆ ಅಲ್ಲಿಯದೇ ರೆಕಾರ್ಡ್ ಕಂಪನಿ ಅವರ ಆಲ್ಬಮ್‌ಗಳನ್ನು ಹೊರತಂದಿತು. ಅವರ ಗಿಟಾರ್‌ಗಳು 1980ರ ದಶಕದ ಹೆವಿ ಮೆಟಲ್‌ನ ನೇರ ವಂಶಸ್ಥರು, ಜೋಡಿ ಎಳೆಗಳು, ಸ್ವಚ್ಛ ರಿಫ್‌ಗಳು. ಗಾಯನ ಮಾತ್ರ ಒರಟು, ಗಂಟಲು ಕೆರೆದುಕೊಂಡು ಹಾಡುವ ಬಗೆ. ‘ಈ ಗಿಟಾರಿಗೆ ಜೂಡಾಸ್ ಪ್ರೀಸ್ಟ್‌ನ ಗಾಯಕ ಹ್ಯಾಲ್ಫರ್ಡ್‌ನಂಥ ಕಂಠ ಇರಬೇಕಿತ್ತು’ ಎಂದು ಒಂದು ಪಕ್ಷ, ‘ಆ ಕಂಠ ಇದ್ದಿದ್ದರೆ ಇದು ನಕಲಾಗುತ್ತಿತ್ತು’ ಎಂದು ಇನ್ನೊಂದು. ನಾನು ಎರಡನೆಯ ಪಕ್ಷ. ಆದರೆ ನಮ್ಮವರು ಎಂಬ ಕಾರಣಕ್ಕೆ ಒಂದು ಅಂಕವನ್ನೂ ಹೆಚ್ಚು ಕೊಡುವುದಿಲ್ಲ. ಹೊರಗಿನವರ ಸಾಲಿನಲ್ಲಿ ನಿಂತು ಗೆದ್ದವರಿಗೆ ಮನೆಯಲ್ಲಿ ರಿಯಾಯಿತಿ ಕೊಡುವುದು ಅವಮಾನ. ಅವರ ಹಾಡಿಗೆ ಬಂದ ಆರು ಎಷ್ಟು ನಿಜವೋ ಎಂಟೂ ಅಷ್ಟೇ ನಿಜವಾಗಿರಬೇಕಾದರೆ ಬೇರೆ ದಾರಿಯಿಲ್ಲ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು, ಸಾಹಿತ್ಯ ಅರ್ಥವಾಗದ ಹಾಡಿಗೆ ಅಂಕ ಹೇಗೆ ಕೊಡುತ್ತೀರಿ ಎಂದು ಕೇಳಿದರು. ಸ್ವೀಡನ್ನಿನ ಸಬಾಟನ್ 2012ರಲ್ಲಿ ಹನ್ನೆರಡನೆಯ ಚಾರ್ಲ್ಸ್ ದೊರೆಯ ಹೆಸರಿನ ಆಲ್ಬಮ್ಮನ್ನು ಸ್ವೀಡಿಷ್‌ನಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಹೊರತಂದಿತು. ನಾವು ಎರಡನ್ನೂ ಒಂದೇ ತಿಂಗಳು ಕೇಳಿದೆವು. ನಮ್ಮಲ್ಲಿ ಯಾರಿಗೂ ಸ್ವೀಡಿಷ್ ಬಾರದು. ಆದರೂ ಹೆಚ್ಚಿನವರು ಅದಕ್ಕೇ ಹೆಚ್ಚು ಅಂಕ ಕೊಟ್ಟರು. ಆ ಭಾಷೆಯ ಒತ್ತಕ್ಷರಗಳು ಡ್ರಮ್ಮಿನ ಪೆಟ್ಟಿನ ಮೇಲೆ ಸರಿಯಾಗಿ ಕೂರುತ್ತವೆ. ತ್ಯಾಗರಾಜರ ತೆಲುಗನ್ನು ಕೇಳುತ್ತ ಬೆಳೆದ ಕನ್ನಡದ ಕಿವಿಗೆ, ಅರ್ಥ ಆಮೇಲೆ ಬಂದರೂ ನಡೆಯುತ್ತದೆ ಎಂಬುದು ಹೊಸ ವಿಚಾರವಲ್ಲ ಎಂದು ಅವರಿಗೆ ಹೇಳಿದೆ. ಅವರು ನಕ್ಕರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಕಾಲೇಜು ವಿದ್ಯಾರ್ಥಿನಿಯೊಬ್ಬರು, ಕನ್ನಡದಲ್ಲಿ ಪವರ್ ಮೆಟಲ್ ಸಾಧ್ಯವೇ ಎಂದು ಕೇಳಿದರು. ಸಾಧ್ಯ, ಅದೂ ಇಂಗ್ಲಿಷಿಗಿಂತ ಸಲೀಸಾಗಿ ಎಂಬುದು ನನ್ನ ಅಂದಾಜು. ಪವರ್ ಮೆಟಲ್ ಗಾಯಕ ಪಲ್ಲವಿಯ ಕೊನೆಯಲ್ಲಿ ಸ್ವರವನ್ನು ಎಳೆದು ಹಿಡಿಯುತ್ತಾನೆ. ಹಿಡಿಯಲು ಅವನಿಗೆ ತೆರೆದ ಸ್ವರಾಕ್ಷರ ಬೇಕು. ಇಂಗ್ಲಿಷ್ ಪದಗಳು ವ್ಯಂಜನದಲ್ಲಿ ಮುಚ್ಚಿಕೊಳ್ಳುವುದೇ ಹೆಚ್ಚು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಇಟಾಲಿಯನ್ನಿನಂತೆ, ಜಪಾನಿಯಂತೆ. ಎಕ್ಸ್ ಎಂಬ ಜಪಾನಿನ ಬ್ಯಾಂಡ್ 1989ರಲ್ಲೇ ‘ಕುರೆನಾಯ್’ ಹಾಡಿನಲ್ಲಿ ಇದನ್ನು ಮಾಡಿ ತೋರಿಸಿದೆ, ಇಂದು ಅಲ್ಲಿಯದೇ ಗ್ಯಾಲ್ನೆರಿಯಸ್ ಮಾಡುತ್ತಿದೆ. ಕಥೆಗೆ ನಮ್ಮಲ್ಲಿ ಬರವೇ? ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಓಟ ಮೂರು ನಾಲ್ಕರ ಲೆಕ್ಕದ್ದು, ಅಂದರೆ ಏಳು ಮಾತ್ರೆಯ ನಡೆ. ಸಲೀಸಾದ ನಾಲ್ಕರ ತಾಳಕ್ಕೆ ಒಗ್ಗಿದ ಡ್ರಮ್ಮರ್‌ಗೆ ಅಲ್ಲಿ ಕೆಲಸವಿದೆ. ಅಂಥ ಹಾಡನ್ನು ಯಾರಾದರೂ ಮಾಡಿ ಕಳಿಸಿದರೆ ಆ ತಿಂಗಳೇ ಪಟ್ಟಿಗೆ ಸೇರಿಸುತ್ತೇವೆ. ರಿಯಾಯಿತಿ ಮಾತ್ರ ಕೇಳಬೇಡಿ ಎಂದೆ. ಹಾಗಿದ್ದರೆ ಏಳಾದರೂ ಕೊಡಿ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.